ಎಂಬತ್ತನೆಯ ನುಡಿ

ನಾನು ಐದು ವರ್ಷದವನಿದ್ದಾಗ ದೊಡ್ಡವ್ವನ ಮನೆಗೆ ಬಂದದ್ದು ಹೂಂ ಅನ್ನಲಿಕ್ಕೆ. ತಂದೆ ತಾಯಿ ಇಬ್ಬರೂ ಒಂದೇ ವರ್ಷದಲ್ಲಿ ತೀರಿಕೊಂಡಿದ್ದರು. ಈ ಹುಡುಗ ಯಾರ ಮನೆಗೆ ಎಂಬ ಮಾತು ಬಂದಾಗ ತಾಯಿಯ ಅಕ್ಕ ಬಾಳವ್ವ, "ನಮ್ಮಲ್ಲಿ ಹೂಂಗುಟ್ಟಾವರಿಲ್ಲ, ಕಳಸ್ರಿ" ಎಂದು ಹೇಳಿ ಕಳಿಸಿದಳಂತೆ. ಬಂದ ಮರುದಿನವೇ ಸೂರ್ಯ ಹುಟ್ಟುವ ಮೊದಲು ನನ್ನ ತಲೆಗೆ ನೀರು ಹಾಕಿ, ಹಣೆಗೆ ವಿಭೂತಿ ಹಚ್ಚಿ, ಎಣ್ಣೆಬಾವಿಯ ಕಟ್ಟೆಗೆ ಕರೆದುಕೊಂಡು ಹೋದಳು. "ನಾ ನಾಕ ಸಾಲು ಹೇಳಿ ನಿಲ್ಲಸ್ತೀನಿ. ನಿಲ್ಲಿಸಿದ ಕೂಡ್ಲೆ ನೀ ಹೂಂ ಅನ್ನು. ಅಷ್ಟ. ಮತ್ತೇನೂ ಅನಬ್ಯಾಡ" ಎಂದಳು. ಮತ್ತೇನೂ ಅನ್ನದೆ ನಾನು ಇಪ್ಪತ್ತೇಳು ವರ್ಷ ಕಳೆದೆ.

ನಮ್ಮೂರಿನ ಎಣ್ಣೆಬಾವಿ ನೀರಿನ ಬಾವಿಯ ಹಾಗೆ ಬಾಯಿ ತೆರೆದುಕೊಂಡದ್ದಲ್ಲ. ಒಂದು ಕಲ್ಲಿನ ಕಟ್ಟೆ, ಅದರ ನಡುವೆ ಎದೆಮಟ್ಟ ಎದ್ದು ನಿಂತ ಕಬ್ಬಿಣದ ಕೊಳವೆ, ಅಷ್ಟೇ ಕಣ್ಣಿಗೆ ಕಾಣುತ್ತಿದ್ದುದು. ಆ ಕೊಳವೆ ಕೆಳಗೆ ಏಳುನೂರ ನಲವತ್ತೆರಡು ಮಾರು ಇಳಿದು ಎಣ್ಣೆಕಲ್ಲನ್ನು ಮುಟ್ಟುತ್ತಿತ್ತು. ಎಣ್ಣೆ ತನ್ನಷ್ಟಕ್ಕೆ ತಾನೇ ಮೇಲೇರಿ ಬರುತ್ತಿತ್ತು. ಅದರ ಜೊತೆ ಬಂದ ಗಾಳಿಯನ್ನು ಬೇರೆ ಮಾಡಿ ಸಣ್ಣ ಕೊಳವೆಗಳಲ್ಲಿ ಮನೆಮನೆಯ ಒಲೆಗೆ ಬಿಡುತ್ತಿದ್ದರು. ಅದನ್ನು ಗ್ಯಾಸ್ ಎಂದು ಊರಲ್ಲಿ ಯಾರೂ ಕರೆಯುತ್ತಿರಲಿಲ್ಲ. ಬಾವಿಯ ಉಸಿರು ಎನ್ನುತ್ತಿದ್ದೆವು. ಆ ಉಸಿರಿನ ನೀಲಿ ಉರಿಯಲ್ಲಿ ಉಬ್ಬಿದ ಜೋಳದ ರೊಟ್ಟಿಗೆ ಒಂದು ಬಗೆಯ ನೆಲದ ವಾಸನೆ ಇರುತ್ತಿತ್ತು. ಆಮೇಲೆ ಎಷ್ಟೋ ಊರುಗಳ ರೊಟ್ಟಿ ತಿಂದಿದ್ದೇನೆ, ಆ ವಾಸನೆ ಎಲ್ಲಿಯೂ ಸಿಗಲಿಲ್ಲ.

ಬೆಳಿಗ್ಗೆ ಕಟ್ಟೆಯ ಮೇಲೆ ಇಳಿಪದ ಹೇಳಿದರೆ ಎಣ್ಣೆ ತಿಳಿಯಾಗಿ ಬರುತ್ತಿತ್ತು. ಹೇಳದಿದ್ದರೆ ದಾರಿಯಲ್ಲೇ ಮಡ್ಡಿ ಬಿಟ್ಟುಕೊಳ್ಳುತ್ತಿತ್ತು, ಕರ್ರಗಿನ ಅಂಟು ಮಡ್ಡಿ. ಅದು ಕೊಳವೆಯ ಒಳಮೈಗೆ ಕೂತಿತೆಂದರೆ ಕಲ್ಲಾಗುತ್ತಿತ್ತು. ಇಳಿಪದಕ್ಕೆ ನೂರಾನಲವತ್ನಾಲ್ಕು ನುಡಿ, ಒಂದೊಂದು ನುಡಿಗೆ ನಾಲ್ಕು ಸಾಲು. ಎಣ್ಣೆ ಮೇಲೆ ಬರುತ್ತದೆ, ಪದ ಕೆಳಗೆ ಹೋಗುತ್ತದೆ, ನಡುದಾರಿಯಲ್ಲಿ ಒಂದನ್ನೊಂದು ಕಂಡು ಸರಿದುಕೊಳ್ಳುತ್ತವೆ ಎಂದು ಹಿರಿಯರು ಹೇಳುತ್ತಿದ್ದರು. ಮೊದಲ ನುಡಿ ಬಾಯಿಯ ಹತ್ತಿರ, ಕಡೆಯ ನುಡಿ ತಳಕ್ಕೆ. ಕೇಳಿದವರೊಬ್ಬರು ಹೂಂ ಅನ್ನದೆ ಯಾವ ನುಡಿಯೂ ಕಟ್ಟೆ ಬಿಟ್ಟು ಇಳಿಯುತ್ತಿರಲಿಲ್ಲ. ಹೇಳುವವರು ಒಬ್ಬರು, ಹೂಂಗುಟ್ಟುವವರು ಒಬ್ಬರು. ನೊಗಕ್ಕೆ ಎರಡು ಎತ್ತು ಇದ್ದ ಹಾಗೆ.

ಪದದ ಕಥೆ ಒಬ್ಬ ತಾಯಿಯದು. ಭೂಮಿ ಬಿರುಕು ಬಿಟ್ಟ ದಿನ ಆಕೆಯ ಕೈ ಜಾರಿ ಕೂಸು ಒಳಗೆ ಬೀಳುತ್ತದೆ. ತಾಯಿ ಕರೆಯುತ್ತ, ಅಳುತ್ತ, ಮೆಟ್ಟಿಲಿಲ್ಲದ ಕತ್ತಲೆಯೊಳಗೆ ಇಳಿಯುತ್ತಾಳೆ. ಕಡೆಯ ನುಡಿಯಲ್ಲಿ ಕೂಸನ್ನು ಸೊಂಟಕ್ಕೆ ಏರಿಸಿಕೊಳ್ಳುತ್ತಾಳೆ, ಅಲ್ಲಿಗೆ ಪದ ಮುಗಿಯುತ್ತದೆ. ಅವರು ಮೇಲೆ ಹೇಗೆ ಬಂದರು ಎಂದು ನಾನು ಚಿಕ್ಕವನಿದ್ದಾಗ ಕೇಳಿದರೆ ದೊಡ್ಡವ್ವ, "ಮ್ಯಾಲ ಬರೂದು ಎಣ್ಣಿ ಕೆಲಸ" ಎಂದು ನಕ್ಕಿದ್ದಳು.

ಎಪ್ಪತ್ತೊಂಬತ್ತನೆಯ ನುಡಿ ಮುಗಿದು ನಾನು ಹೂಂ ಅಂದ ಮೇಲೆ ದೊಡ್ಡವ್ವ ಸುಮ್ಮನಾಗುತ್ತಿದ್ದಳು. ಕಣ್ಣು ಮುಚ್ಚಿ, ಬಲಗೈಯನ್ನು ಪಕ್ಕದ ಬರಿ ಕಲ್ಲಿನ ಮೇಲೆ ಇಟ್ಟು, ನಾಲ್ಕು ಸಾಲು ಹೇಳುವಷ್ಟು ಹೊತ್ತು ಕೂಡುತ್ತಿದ್ದಳು. ಆಮೇಲೆ ಕಣ್ಣು ಬಿಟ್ಟು ನನ್ನ ಮುಖ ನೋಡುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ. ಎಂಬತ್ತೊಂದನೆಯ ನುಡಿ ಶುರುವಾಗುತ್ತಿತ್ತು. ಅದೂ ಒಂದು ನುಡಿ, ಸುಮ್ಮನಿರುವ ನುಡಿ ಎಂದೇ ನಾನು ತಿಳಿದಿದ್ದೆ. ಬರೆದಿಟ್ಟ ಪದವಲ್ಲ ಅದು, ಕಿವಿಯಿಂದ ಬಂದದ್ದು. ಕಿವಿಗೆ ಹೇಗೆ ಬಂತೋ ಹಾಗೇ ನನ್ನೊಳಗೆ ಕೂತಿತ್ತು. ಅಲ್ಲಿಯವರೆಗೆ ಅಳುತ್ತ ಇಳಿದ ತಾಯಿ ಆ ಮೌನದ ಆಚೆ ಹೆದರಿಕೆಯೇ ಇಲ್ಲದೆ ಇಳಿಯುತ್ತಾಳಲ್ಲ, ಯಾಕೆ ಎಂದು ನಾನು ಯಾವತ್ತೂ ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಧೈರ್ಯ ಬರುತ್ತದೆ ಎಂದುಕೊಂಡಿದ್ದೆ.

ಹದಿನೆಂಟು ತುಂಬಿದಾಗ ತಂತಿಮನೆಯಲ್ಲಿ ಕೆಲಸಕ್ಕೆ ಸೇರಿದೆ. ಬೆಳಿಗ್ಗೆ ಹೂಂ, ಮಧ್ಯಾಹ್ನ ತಂತಿ. ಉದ್ದದ ಉಕ್ಕಿನ ತಂತಿಯ ತುದಿಗೆ ಹಿತ್ತಾಳೆಯ ಬಳೆ ಕಟ್ಟಿ ಕೊಳವೆಯೊಳಗೆ ಇಳಿಬಿಡುವುದು, ಬಳೆ ಎಲ್ಲಿ ತಡೆಯುತ್ತದೆಯೋ ಅಲ್ಲಿ ಮಡ್ಡಿ ಕೂತಿದೆ ಎಂದು ಬರೆದುಕೊಳ್ಳುವುದು, ಇದು ನನ್ನ ಕೆಲಸ. ನಾನು ಸೇರಿದಾಗ ಐದು ಬೆರಳಗಲದ ಬಳೆ ತಳದವರೆಗೂ ಸಲೀಸಾಗಿ ಹೋಗುತ್ತಿತ್ತು. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಅದು ನಾನೂರ ಹನ್ನೆರಡು ಮಾರಿನಲ್ಲಿ ನಿಂತಿತು. ನಾಲ್ಕು ಬೆರಳಿನದು ಕಟ್ಟಿದೆ. ಮೂವತ್ತೆರಡರಲ್ಲಿ ಅದೂ ನಿಂತಿತು. ಮೂರು ಬೆರಳಿನ ಬಳೆ ತಿಕ್ಕಿಕೊಂಡು ಪಾರಾಯಿತು. ಮೇಲೆ ಬಂದಾಗ ಅದರ ಅಂಚಿಗೆ ಮಿರಿಮಿರಿ ಮಿಂಚುವ ಕರಿ ಮಡ್ಡಿ ಅಂಟಿತ್ತು.

ತಂತಿಮನೆಯ ಮುಕಾದಮ ದಾವಲಸಾಬ ಅದನ್ನು ಉಗುರಿನಿಂದ ಕೆರೆದು ನೋಡಿದ. ಆತ ದೊಡ್ಡವ್ವನ ಓರಗೆಯವನು, ನಾವೆಲ್ಲ ದಾವಲಕಾಕಾ ಎನ್ನುತ್ತಿದ್ದೆವು. "ಅಲ್ಲಲೇ ಅಡಿವೆಪ್ಪ, ಗಂಟಲದಾಗ ಅಡಕಿ ಸಿಕ್ಕಂಗ ಒಂದ ಜಾಗಾದಾಗ ಯಾಕ ಕುಂತೈತಿ ಇದು? ಮ್ಯಾಲ ಇಲ್ಲ, ಕೆಳಗ ಇಲ್ಲ" ಎಂದ. ಆತ ದೊಡ್ಡ ಕಚೇರಿಗೆ ಬರೆದ. ಎರಡು ವಾರದಲ್ಲಿ ಪದ್ಮಜಾ ಎಂಬ ಹೆಣ್ಣುಮಗಳು ಪೆಟ್ಟಿಗೆ ತುಂಬ ಗಾಜಿನ ನಳಿಗೆ, ಒಂದು ಕಂಪ್ಯೂಟರು, ಒಂದು ಕೊಡೆ ತೆಗೆದುಕೊಂಡು ಬಂದಿಳಿದಳು. ನೆಲದೊಳಗೆ ಎಣ್ಣೆ ಹೇಗೆ ನಡೆದುಕೊಳ್ಳುತ್ತದೆ ಎಂದು ಲೆಕ್ಕ ಹಾಕಿ ಮೊದಲೇ ಹೇಳುವುದು ಆಕೆಯ ಕೆಲಸ. ಮೂರೇ ದಿನದಲ್ಲಿ ಊರಿಗೆಲ್ಲ ಆಕೆ ಲೆಕ್ಕದಕ್ಕ ಆದಳು.

ಲೆಕ್ಕದಕ್ಕ ತೆಂಕಣ ಸೀಮೆಯವಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳಿದ್ದರೂ ನನ್ನನ್ನು ನೀವು ಎಂದೇ ಕರೆಯುತ್ತಿದ್ದಳು. ಒಂದು ಮಧ್ಯಾಹ್ನ ನಳಿಗೆಯಲ್ಲಿ ನಮ್ಮ ಬಾವಿಯ ಎಣ್ಣೆ ಹಿಡಿದು, ಅದಕ್ಕೆ ನೀರಿನಂಥ ತೆಳು ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟಳು. ಇಪ್ಪತ್ತು ಹನಿಯವರೆಗೆ ಏನೂ ಆಗಲಿಲ್ಲ. ಇಪ್ಪತ್ತೊಂದನೆಯ ಹನಿಗೆ ಕಾಡಿಗೆಯಂಥ ಪುಡಿ ಒಮ್ಮೆಗೇ ಕಳಚಿ ತಳಕ್ಕೆ ಇಳಿಯತೊಡಗಿತು. "ನೋಡಿದ್ರಾ ಅಡಿವೆಪ್ಪ? ನಮ್ಮ ಭಾಷೇಲಿ ಇದಕ್ಕೆ ಆಸ್ಫಾಲ್ಟೀನ್ ಅಂತೀವಿ. ನಿಮ್ಮ ಮಡ್ಡಿ. ಇದು ಎಣ್ಣೇಲಿ ಕರಗಿರಲ್ಲ, ತೇಲ್ತಾ ಇರುತ್ತೆ. ಎಣ್ಣೆಯೊಳಗಿನ ರಾಳ ಇದರ ಕೈ ಹಿಡ್ಕೊಂಡಿರುತ್ತೆ. ಕೆಳಗೆ ಒತ್ತಡ ಜಾಸ್ತಿ, ಅಲ್ಲಿ ಕೈ ಬಿಡಲ್ಲ. ಮೇಲೆ ಬರ್ತಾ ಬರ್ತಾ ಒತ್ತಡ ಇಳಿಯುತ್ತಲ್ಲ, ಒಂದು ಕಡೆ ಬಂದಾಗ ಬಿಟ್ಟುಬಿಡುತ್ತೆ" ಎಂದಳು. ಕೈ ಬಿಡುವ ಮಾತು ಕೇಳಿ ನನಗೆ ಇಳಿಪದದ ತಾಯಿ ನೆನಪಾದಳು. ನನಗೆ ರೂಢಿ ಇದ್ದದ್ದು ಒಂದೇ ಮಾತು, ಅದನ್ನೇ ಅಂದೆ. ಹೂಂ.

ಆಕೆಯ ಲೆಕ್ಕದ ಪ್ರಕಾರ ಮಡ್ಡಿ ಮುನ್ನೂರು ಮಾರಿನಿಂದ ಐನೂರು ಮಾರಿನವರೆಗೆ ದೋಸೆಯ ಹಾಗೆ ತೆಳ್ಳಗೆ ಹರಡಿಕೊಂಡು ಕೂಡಬೇಕಿತ್ತು. ಎಲ್ಲ ಊರಲ್ಲೂ ಹಾಗೇ ಕೂಡುತ್ತದಂತೆ. ನಮ್ಮಲ್ಲಿ ಮಾತ್ರ ಐದು ಮಾರಿನಷ್ಟು ಜಾಗದಲ್ಲಿ ಬಳೆ ತೊಡಿಸಿದಂತೆ ಕೂತಿತ್ತು. ಆಕೆ ಬಿಸಿಯ ಲೆಕ್ಕ ಬದಲಿಸಿದಳು, ಗಾಳಿಯ ಲೆಕ್ಕ ಬದಲಿಸಿದಳು, ರಾಳವನ್ನು ಹೆಚ್ಚು ಮಾಡಿದಳು, ಕಡಿಮೆ ಮಾಡಿದಳು. ಪರದೆಯ ಮೇಲಿನ ಗೆರೆ ಹಾಸಿದ ಚಾದರದ ಹಾಗೆ ಮಲಗಿಯೇ ಇರುತ್ತಿತ್ತು. ನನ್ನ ತಂತಿ ತೋರಿಸುತ್ತಿದ್ದ ಉಬ್ಬು ಅದರಲ್ಲಿ ಏಳುತ್ತಲೇ ಇರಲಿಲ್ಲ. "ಏನ ಲೆಕ್ಕದಕ್ಕಾರ, ನಿಮ್ಮ ಯಂತ್ರಕ್ಕ ನಮ್ಮೂರ ನೀರು ಹಿಡಿಸಿಲ್ಲೇನ್ರಿ?" ಎಂದು ದಾವಲಕಾಕಾ ಕಿಚಾಯಿಸಿದ. ಆಕೆ ನಗಲಿಲ್ಲ. "ಉಬ್ಬು ಯಾಕೆ ಅಂತ ಗೊತ್ತಿಲ್ಲ ಕಾಕಾ. ಆದರೆ ಯಾವಾಗ ಮುಚ್ಚುತ್ತೆ ಅಂತ ಗೊತ್ತು. ಇನ್ನು ನಲವತ್ತು ದಿನ. ಮುಚ್ಚಿದರೆ ಕಲ್ಲೇ. ಮತ್ತೆ ತೆಗೆಯೋಕೆ ಬರಲ್ಲ, ಬಾವಿ ಹೋದ ಹಾಗೇ" ಎಂದಳು. ಕಾಕಾನ ಕೈಯಲ್ಲಿದ್ದ ಚಹಾ ಹಾಗೇ ಉಳಿಯಿತು.

ಮರುದಿನ ಬೆಳಿಗ್ಗೆ ಆಕೆ ಕಟ್ಟೆಯ ಕೆಳಗೆ ಚಾಪೆ ಹಾಸಿಕೊಂಡು ಕೂತಳು. ಮೊಣಕಾಲಿನ ಮೇಲೆ ಕಾಗದ, ಕೈಯಲ್ಲಿ ಗಡಿಯಾರ. ಇಡೀ ಪದ ಕೇಳಿದಳು. ಪ್ರತಿ ನುಡಿಗೂ ಹೊತ್ತು ಬರೆದುಕೊಂಡಳು. ದೊಡ್ಡವ್ವ ಎದ್ದು ಮನೆಗೆ ಹೋದ ಮೇಲೆ ನನ್ನನ್ನು ಕರೆದು ಕಾಗದದ ನಡುವೆ ಬೆರಳಿಟ್ಟಳು. "ಇಲ್ಲಿ ಏನು ಹೇಳಿದ್ರು ಅವರು?" ಎಂದಳು. "ಎಂಬತ್ತನೇ ನುಡಿರೀ." "ನನಗೆ ಕೇಳಿಸಲೇ ಇಲ್ವಲ್ಲ?" "ಅದು ಸುಮ್ಮನಿರೂ ನುಡಿರೀ." ಆಕೆ ಕಾಗದದಿಂದ ಬೆರಳು ತೆಗೆಯಲಿಲ್ಲ. "ಒಂದು ನುಡಿಗೆ ಐದು ಮಾರು ಅಂತ ನೀವೇ ಹೇಳಿದ್ದಲ್ವಾ? ಎಂಬತ್ತನೇದು ಎಲ್ಲಿಗೆ ಬಂತು, ಎಣಿಸಿ" ಎಂದಳು. ಐದು ಮಾರಿನ ಮೇಲೆ ಒಂದು ಗೇಣು ಚಿಲ್ಲರೆಯ ಹಾಗೆ ನಾನು ಬೆರಳು ಮಡಿಸಿ ಎಣಿಸಿದೆ. ನಾನೂರ ಹನ್ನೆರಡು. ಮತ್ತೊಮ್ಮೆ ಎಣಿಸಲು ಧೈರ್ಯವಾಗಲಿಲ್ಲ.

"ಇಪ್ಪತ್ತೇಳು ವರ್ಷದಿಂದ ಸುಮ್ಮನಿದ್ದಾಳ್ರಿ. ಮೊದಲ ಯಾಕ ಕುಂದರಲಿಲ್ಲ ಮಡ್ಡಿ?" ಎಂದೆ. ಅದು ನನ್ನ ಬಾಯಿಂದ ಬಂದ ಅತಿ ಉದ್ದದ ಮಾತಿರಬೇಕು. "ಆಗ ನೆಲದಲ್ಲಿ ಕಸುವಿತ್ತು, ತಡ್ಕೊಳ್ತು. ಈಗ ಎಣ್ಣೆ ತೆಗೆದು ತೆಗೆದು ಒತ್ತಡ ಇಳಿದಿದೆ. ಕೈ ಬಿಡೋ ಜಾಗ ಸರಿಯಾಗಿ ಅಲ್ಲಿಗೇ ಬಂದು ನಿಂತಿದೆ" ಎಂದಳು ಲೆಕ್ಕದಕ್ಕ.

ದಾವಲಕಾಕಾನ ಹತ್ತಿರ ಹೋಗಿ ಕೇಳಿದೆ. ಆತ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಮೊಣಕಾಲಿಗೆ ಹಾಕಿಕೊಂಡು ಕೂತ. "ಅದು ಕೂಸಿನ ನುಡಿ, ಅಡಿವಿ. ತಾಯಿ ಕರೀತಾಳಲ, ಅಲ್ಲಿ ಕೂಸು ತಳದಿಂದ ಓ ಅಂತೈತಿ. ಬಾಳಕ್ಕನ ಮಗಳು ಕಸ್ತೂರಿ ಹೇಳತಿತ್ತು ಅದನ್ನ. ಎಂಟು ವರ್ಷದ ಹುಡುಗಿ, ಅವ್ವನ ಬಲಕ್ಕ ಕುಂತು. ಉಳಿದ ನುಡಿಗೆ ಹೂಂ ಅನ್ನಾಕಿನೂ ಅಕಿನ. ಏನ ದನಿ! ನಾವು ಕೈಯಾನ ಕೆಲಸ ಬಿಟ್ಟು ನಿಲ್ಲತಿದ್ವಿ." ದೊಡ್ಡವ್ವನಿಗೆ ಒಂದು ಮಗಳಿದ್ದು ತೀರಿಹೋದಳೆಂಬುದಷ್ಟೇ ನನಗೆ ಗೊತ್ತಿತ್ತು, ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. "ಮೂರ ದಿನದ ಜ್ವರ. ಮಣ್ಣ ಮಾಡಿದ ಮರುದಿನ ಬಾಳಕ್ಕ ಬಂದು ಕಟ್ಟಿ ಮ್ಯಾಲ ಕುಂತಳು. ಊರ ಒಲಿ ಆರಬಾರದಲ. ಎಪ್ಪತ್ತೊಂಬತ್ತು ಹೇಳಿದಳು, ನಿಂತಳು. ಬಾಯಿ ಬರಲಿಲ್ಲ. ಮುಂದ ಹೋಗಾಕ ಹೂಂ ಬೇಕು. ಹೂಂ ಅನ್ನಾಕ ನಾವು ಹತ್ತಿಪ್ಪತ್ತ ಮಂದಿ ನಿಂತಿದ್ವಿ. ಎಲ್ಲಾರೂ ಹೂಂ ಅಂದ್ವಿ. ಅಕಿ ಮುಂದ ನಡದಳು. ಮರುದಿನಾನೂ ಹಂಗ ಆತು. ಎರಡು ತಿಂಗಳಿಗೆ ನೀ ಬಂದಿ." "ನುಡಿ ನೆನಪೈತೇನು ಕಾಕಾ?" ಆತ ಕಣ್ಣು ಮುಚ್ಚಿ ತಲೆ ತೂಗಿದ. "ದನಿ ನೆನಪೈತಿ. ಶಬ್ದ ಇಲ್ಲ."

ಊರು ಕರುಣೆಯಿಂದ ಅಂದ ಒಂದು ಹೂಂ ನಾನೂರ ಹನ್ನೆರಡು ಮಾರಿನಲ್ಲಿ ಕಲ್ಲಾಗಿ ಕೂತಿತ್ತು. ಅದರ ಮೇಲೆ ದಿನಕ್ಕೊಂದರಂತೆ ನಾನೂ ಕೂಡಿಸುತ್ತ ಬಂದಿದ್ದೆ.

ಆ ಸಂಜೆ ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದಾಗ ಮೆಲ್ಲಗೆ ಮಾತು ತೆಗೆದೆ. ಲೆಕ್ಕದಕ್ಕ ಹೇಳಿದ್ದು, ನಲವತ್ತು ದಿನದ ಮಾತು, ಎಲ್ಲವನ್ನೂ ಹೇಳಿದೆ. ಆಕೆ ಹಿಟ್ಟಿನ ಮೇಲಿಂದ ಕೈ ಎತ್ತಲಿಲ್ಲ. "ಅದು ಅಕಿ ನುಡಿ. ಅಕಿ ಹೇಳ್ತಾಳ, ನೀ ಹೂಂ ಅಂತೀ. ನಡದೈತಿ" ಎಂದಳು. "ಅಕಿ ಹೇಳೂದು ನನಗ ಕೇಳಿಲ್ಲ ದೊಡ್ಡವ್ವ." "ನನಗ ಕೇಳತೈತಿ" ಎಂದು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ನೀರು ಸವರಿದಳು. ದೇವರ ಜಗಲಿಯ ಮುಂದೆ ಹೋಗಿ ಕೂತೆ. ಬಾವಿ ಉಳಿಯಲಿ ಎಂದರೆ ಆಕೆಯ ಮಗಳನ್ನು ಆ ಕಲ್ಲಿನಿಂದ ಎಬ್ಬಿಸು ಎಂದು ಬೇಡಿದಂತಾಗುತ್ತಿತ್ತು.

ದಿನಗಳು ಹೋದವು. ದಿನಾ ಬೆಳಿಗ್ಗೆ ಇವತ್ತು ಬೇಡ, ನಾಳೆ ನೋಡೋಣ ಎಂದುಕೊಂಡು ಹೂಂ ಅನ್ನುತ್ತಿದ್ದೆ; ದಿನಾ ಮಧ್ಯಾಹ್ನ ತಂತಿ ಇಳಿಸುತ್ತಿದ್ದೆ. ಹದಿನೆಂಟನೆಯ ದಿನ ಮೂರು ಬೆರಳಿನ ಬಳೆ ನಿಂತಿತು. ಮೂವತ್ತನೆಯ ದಿನ ಎರಡು ಬೆರಳಿನದು ನಿಂತಿತು. ಒಂದು ಬೆರಳಿನ ಬಳೆಯನ್ನು ನಾನು ಅಲ್ಲಿಯವರೆಗೆ ಪೆಟ್ಟಿಗೆಯಿಂದ ಹೊರಗೆ ತೆಗೆದೇ ಇರಲಿಲ್ಲ. ಅದನ್ನು ಒರೆಸಿ ತಂತಿಗೆ ಕಟ್ಟಿದೆ. ಬಾವಿಯನ್ನು ತೆಳು ಎಣ್ಣೆಯಿಂದ ತೊಳೆಯಬಹುದಲ್ಲ ಎಂದು ಕಾಕಾ ಕೇಳಿದ. "ತೊಳೆದರೆ ಕಳಚಿ ಕೆಳಗೆ ಬಿದ್ದು ತಳ ಮುಚ್ಚುತ್ತೆ ಕಾಕಾ. ಬಂದ ದಾರೀಲೇ ಅದು ಹೋಗಬೇಕು" ಎಂದಳು ಲೆಕ್ಕದಕ್ಕ. ಹಾಗೆನ್ನುವಾಗ ಆಕೆ ನನ್ನ ಕಡೆ ನೋಡಲಿಲ್ಲ. ಆ ನೋಡದಿರುವುದೇ ನನಗೆ ಚುಚ್ಚಿತು.

ಮೂವತ್ತೊಂದನೆಯ ಬೆಳಿಗ್ಗೆ ಎಪ್ಪತ್ತೊಂಬತ್ತು ಮುಗಿಯಿತು. ದೊಡ್ಡವ್ವ ಕಣ್ಣು ಮುಚ್ಚಿ ಬಲಗೈಯನ್ನು ಬರಿ ಕಲ್ಲಿನ ಮೇಲೆ ಇಟ್ಟಳು. ನಾಲ್ಕು ಸಾಲಿನಷ್ಟು ಹೊತ್ತು ಕಳೆಯಿತು. ಕಣ್ಣು ಬಿಟ್ಟು ನನ್ನನ್ನು ನೋಡಿದಳು. ನಾನು ಹೂಂ ಅನ್ನಲಿಲ್ಲ.

ಆಕೆ ಕಾದಳು. ಕಟ್ಟೆಯ ಮೇಲೆ ಗುಬ್ಬಚ್ಚಿಯೊಂದು ಕೂತು ಹಾರಿಹೋಯಿತು. ಆಚೆ ತಂತಿಮನೆಯಲ್ಲಿ ರಾಟೆಯ ಸದ್ದು ನಿಂತಿತು, ಕಾಕಾನಿಗೆ ಗೊತ್ತಾಗಿತ್ತು. "ಹೂಂ ಅನ್ನೋ" ಎಂದಳು ದೊಡ್ಡವ್ವ. ಪದದ ನಡುವೆ ಪದವಲ್ಲದ ಮಾತು ಆ ಕಟ್ಟೆಯ ಮೇಲೆ ನಾನು ಕೇಳಿದ್ದು ಅದೇ ಮೊದಲು. "ನುಡಿ ಕೇಳಿಲ್ಲ ದೊಡ್ಡವ್ವ" ಎಂದೆ. "ಇಪ್ಪತ್ತೇಳು ವರ್ಷ ಅಂದಿ." "ಆವಾಗ ಗೊತ್ತಿದ್ದಿಲ್ಲ." ಆಕೆಯ ಮುಖ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು, ಕಟ್ಟೆಯ ಅಂಚು ಹಿಡಿದು ಇಳಿದು, ಮನೆಯ ದಾರಿ ಹಿಡಿದಳು. ಉಳಿದ ನುಡಿಗಳು ಹಾಗೇ ಉಳಿದವು. ಊರು ಹುಟ್ಟಿದಾಗಿನಿಂದ ಪದ ಅರ್ಧಕ್ಕೆ ನಿಂತದ್ದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಎಣ್ಣೆ ದಾರದಷ್ಟಾಯಿತು. ಇಳಿಹೊತ್ತಿಗೆ ಒಲೆಗಳ ಉರಿ ಕುಗ್ಗಿತು. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ಒಬ್ಬರನ್ನೊಬ್ಬರು ಕೇಳಿಕೊಂಡರು. "ನಿಮ್ಮಲ್ಲಿ ಹ್ಯಾಂಗವಾ?" "ಹಾಲು ಇನ್ನೂ ಕಾದಿಲ್ಲವಾ." ನಾನು ಮನೆಗೆ ಹೋಗಲು ಅಂಜಿ ತಂತಿಮನೆಯಲ್ಲೇ ಕೂತಿದ್ದೆ. ಕಾಕಾ ಬಂದು ರಟ್ಟೆ ಹಿಡಿದು ಎಬ್ಬಿಸಿದ. "ಹೋಗಲೇ. ಬೈದರ ಬೈಸ್ಕೋ. ಉಂಡಿಲ್ಲ ಅಕಿ."

ದೀಪ ಹಚ್ಚುವ ಹೊತ್ತು. ದೊಡ್ಡವ್ವ ಒಲೆಯ ಮುಂದೆ ಕೂತಿದ್ದಳು. ಬರ್ನರಿನ ಸುತ್ತ ನೀಲಿ ಉರಿ ಉಗುರಿನಷ್ಟು ಎದ್ದು, ಅಡಗಿ, ಮತ್ತೆ ಏಳುತ್ತಿತ್ತು. ನಾನು ಹೊಸ್ತಿಲ ಒಳಗೆ ಕೂತೆ. ಆಕೆ ಉರಿಯನ್ನು ನೋಡುತ್ತಲೇ ಮಾತಾಡಿದಳು. "ನೀ ಹೂಂ ಅನ್ನದ ಕೂಡ್ಲೆ ಅಕಿ ದನಿ ನಿಂತತು ನೋಡು. ದಿನಾ ಕೇಳತಿತ್ತು. ನೀ ಹೂಂ ಅಂತಿದ್ದೆಲ, ಇಂವಗ ಕೇಳೇತಿ, ಹಂಗಾದರ ಅಕಿ ಹೇಳ್ಯಾಳ ಅಂತ ತಿಳಕೊಂಡಿದ್ದೆ." ನಾನು ತಲೆ ತಗ್ಗಿಸಿದೆ. "ನಾ ತಪ್ಪ ಮಾಡಿದೆ ದೊಡ್ಡವ್ವ." "ಯಾವುದು ತಪ್ಪು? ಇಷ್ಟ ವರ್ಷ ಅಂದದ್ದೋ, ಇವತ್ತ ಬಿಟ್ಟದ್ದೋ?" ಎಂದಳು.

"ನಾಳೆ ನೀನ ಹೇಳು ಅದನ್ನ" ಎಂದೆ. ಆಕೆ ತಲೆ ಅಲ್ಲಾಡಿಸಿದಳು. "ಅವ್ವ ಕರೀತಾಳ, ಕೂಸು ಓ ಅಂತೈತಿ. ಕರಿಯಾಕಿನೂ ನಾನ, ಓ ಅನ್ನಾಕಿನೂ ನಾನ ಆದರ ಅದು ಪದ ಆಗೂದಿಲ್ಲ. ನೀ ಹೇಳು." ನಾನು ಗಾಬರಿಯಾದೆ. "ನನಗ ಮೂವತ್ತೆರಡು ವರ್ಷ ದೊಡ್ಡವ್ವ. ಮೀಸಿ ಬಂದಾವ." "ಕೂಸಿಗೆ ಮೀಸಿ ಬರಬಾರದೇನು?" ಎಂದಳು. ಆ ದಿನ ಆಕೆಯ ಮುಖದಲ್ಲಿ ನಗೆಯ ಹಾಗೆ ಏನೋ ಬಂದದ್ದು ಅದೊಂದೇ ಸಲ. ಆಮೇಲೆ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ತನ್ನದಲ್ಲದ ಒಂದು ಸಣ್ಣ ದನಿಯಲ್ಲಿ ಆ ನಾಲ್ಕು ಸಾಲು ಹೇಳಿದಳು. ಒಂದೇ ಸಲ. ನನಗೂ ಎರಡನೆಯ ಸಲ ಬೇಕಾಗಲಿಲ್ಲ. ನನ್ನ ಕಿವಿ ತಯಾರಾದದ್ದೇ ಹಾಗೆ. ಎಂಬತ್ತೊಂದನೆಯ ನುಡಿಯಲ್ಲಿ ಆ ತಾಯಿ ಯಾಕೆ ಹೆದರುವುದಿಲ್ಲ ಎಂಬುದು ಆಗ ತಿಳಿಯಿತು.

ಮುಂದಿನದನ್ನೆಲ್ಲ ಇಲ್ಲಿಯೇ ಹೇಳಿಬಿಡುತ್ತೇನೆ. ಎರಡು ತಿಂಗಳಲ್ಲಿ ಮಡ್ಡಿ ಬಂದ ದಾರಿಯಲ್ಲೇ ಕರಗಿ ಮೇಲೆ ಬಂತು. ಎರಡು ಬೆರಳಿನ ಬಳೆ ಹೋಯಿತು, ಮೂರರದು ಹೋಯಿತು, ಶ್ರಾವಣದ ಹೊತ್ತಿಗೆ ಐದರದು ತಳ ಮುಟ್ಟಿತು. ಲೆಕ್ಕದಕ್ಕ ತನ್ನ ಸಮೀಕರಣದಲ್ಲಿ ಹೊಸದೊಂದು ಅಕ್ಷರ ಸೇರಿಸಿದಳು. ಹೇಳಿದ ನುಡಿಗೆ ಅದರ ಬೆಲೆ ಒಂದು, ಹೇಳದ ನುಡಿಗೆ ಸೊನ್ನೆ. ಪರದೆಯ ಮೇಲಿನ ಗೆರೆಯಲ್ಲಿ ಆಗ ಉಬ್ಬು ಎದ್ದಿತು, ಸರಿಯಾಗಿ ನಾನೂರ ಹನ್ನೆರಡು ಮಾರಿನಲ್ಲಿ. ಕಚೇರಿಗೆ ಕಳಿಸಿದ ವರದಿಯಲ್ಲಿ ಅದನ್ನು ಸ್ಥಳೀಯ ಸ್ಥಿರಾಂಕ ಎಂದಷ್ಟೇ ಬರೆದಳು. ಅಕ್ಷರ ಯಾವುದೆಂದು ಹೊರಡುವ ದಿನ ನನಗೊಬ್ಬನಿಗೆ ತೋರಿಸಿದಳು: ಕ. ದಾವಲಕಾಕಾ ಆಕೆಯ ಕೊಡೆಯನ್ನು ಬಸ್ಸಿನವರೆಗೆ ಹೊತ್ತುಕೊಂಡು ಹೋದ. ದೊಡ್ಡವ್ವ ಇನ್ನೂ ಹದಿನಾರು ವರ್ಷ ಕಟ್ಟೆಯ ಮೇಲೆ ಕೂತಳು. ಆಕೆಯ ನಂತರ ನಾನು ಕೂತೆ. ಕಡೆಗೊಂದು ದಿನ ನೆಲದೊಳಗೆ ಎಣ್ಣೆಯೇ ಮುಗಿಯಿತು. ಅದಕ್ಕೆ ಯಾರ ಮೌನವೂ ಕಾರಣವಲ್ಲ. ಈಗ ಆ ಕೊಳವೆಯ ಬಾಯಿಗೆ ಸಿಮೆಂಟು ಹಾಕಿದ್ದಾರೆ, ಮಧ್ಯಾಹ್ನ ಅದರ ನೆರಳಲ್ಲಿ ಆಡುಗಳು ಮಲಗುತ್ತವೆ. ಒಂದು ಬೆರಳಿನ ಬಳೆಗೆ ಅಂಟಿಬಂದ ಕರಿ ಮಡ್ಡಿಯ ಒಂದು ಚೂರು ನನ್ನ ದೇವರ ಜಗಲಿಯ ಮೇಲಿದೆ. ಬೆಳಿಗ್ಗೆ ದೀಪ ಹಚ್ಚಿದಾಗ ಅದರಲ್ಲಿ ಸಣ್ಣಗೆ ಬೆಳಕು ಕಾಣುತ್ತದೆ.

ಆದರೆ ನನಗೆ ಎಪ್ಪತ್ತು ದಾಟಿದ ಮೇಲೂ ಮರಳಿ ಮರಳಿ ನೆನಪಾಗುವುದು ಆ ಮರುದಿನದ ಬೆಳಗು. ಊರೆಲ್ಲ ಕಟ್ಟೆಯ ಸುತ್ತ ನೆರೆದಿತ್ತು. ನಾನು ಎಡಗಡೆಯ ನನ್ನ ಜಾಗದಲ್ಲೇ ಕೂರಲು ಹೋದೆ. ದೊಡ್ಡವ್ವ ಬಲಗಡೆಯ ಬರಿ ಕಲ್ಲನ್ನು ಸೆರಗಿನಿಂದ ಒರೆಸಿ, "ಇಲ್ಲಿ ಬಾ" ಎಂದಳು. ಜನರಲ್ಲಿ ಯಾರೋ ಕಿಸಕ್ಕೆಂದರು. "ಮೀಸಿ ಕೂಸು!" ಎಂಬ ಮಾತು ಕೇಳಿತು. "ಬಾಯಿ ಮುಚ್ಚಲೇ" ಎಂದು ದಾವಲಕಾಕಾ ಗದರಿದ. ಒಂದರಿಂದ ಶುರುವಾದ ಪದ ಎಪ್ಪತ್ತೊಂಬತ್ತಕ್ಕೆ ಬಂತು. ತಾಯಿ ಕತ್ತಲೆಯಲ್ಲಿ ನಿಂತು, ನಾನೇ ಕೈ ಬಿಟ್ಟೆನಲ್ಲ ಎಂದು ಅತ್ತಳು. ನಾನು ಹೂಂ ಅಂದೆ. ದೊಡ್ಡವ್ವ ಕಣ್ಣು ಮುಚ್ಚಲಿಲ್ಲ, ನನ್ನನ್ನೇ ನೋಡುತ್ತ ಕೂತಳು.

ಆ ನುಡಿಯ ಮೊದಲ ಶಬ್ದ ನನ್ನ ಬಾಯಿಗೆ ಹೊಸದು. ಐದು ವರ್ಷದವನಿದ್ದಾಗಿನಿಂದ ಆಕೆಯ ಕೈಯಿಂದಲೇ ಉಂಡಿದ್ದೆ, ಜ್ವರ ಬಂದಾಗ ಆಕೆಯ ತೊಡೆಯ ಮೇಲೆ ಮಲಗಿದ್ದೆ. ಆದರೂ ಆ ಶಬ್ದವನ್ನು ಆಕೆಗೆ ಯಾವತ್ತೂ ಅಂದಿರಲಿಲ್ಲ. ಅದು ಬೇರೆಯವರ ಜಾಗ ಎಂದು ಯಾರೂ ಹೇಳದೆಯೇ ನನಗೆ ಗೊತ್ತಿತ್ತು. ಆಕೆಯ ಬಲಗೈ ಬಂದು ನನ್ನ ಕೈಯ ಮೇಲೆ ಕೂತಿತು. ದನಿ ಒಡೆದು, ಸೊಟ್ಟಗಾಗಿ, ಅರ್ಧ ಗಂಡಸಿನದು ಅರ್ಧ ಹುಡುಗನದು ಎಂಬಂತೆ ಹೊರಗೆ ಬಂತು.

"ಅವ್ವಾ, ಕತ್ತಲೆ ಕಣ್ಣಿಗೆ ಹೊಸದೇ? ನಿನ್ನಯ ಬಸಿರೊಳು ಕಂಡದ್ದೇ. ಕೈಯನು ಬಿಟ್ಟೆನು ಎಂದಳಬೇಡ, ದನಿಯನು ಹಿಡಿದೇ ಇಳಿದಿದ್ದೇ."

ಹೇಳಿ ನಿಲ್ಲಿಸಿದ ಮೇಲೆ ಹೊಳೆಯಿತು, ಹೂಂಗುಟ್ಟುವವನು ನಾನೇ. ನನ್ನ ನುಡಿಗೆ ಹೂಂ ಅನ್ನುವವರು ಯಾರು ಎಂದು ನಾನು ಯೋಚಿಸಿಯೇ ಇರಲಿಲ್ಲ. ನುಡಿ ಕೊಳವೆಯ ಬಾಯಲ್ಲಿ ತಡೆದು ನಿಂತಿತ್ತು. ನಾನು ದೊಡ್ಡವ್ವನ ಮುಖ ನೋಡಿದೆ, ಇಷ್ಟು ವರ್ಷ ಆಕೆ ನನ್ನ ಮುಖ ನೋಡಿದ ಹಾಗೆ.

"ಹೂಂ" ಎಂದಳು.